ಬಲೆ ಹೋದ ಕಡಲಿಗೆ ಬಂದ ಡೈವರ್‌ಗಳು

ಕಡಲತಳದ ಪ್ರಾಣಿಗಳಲ್ಲಿ ಬಹಳಷ್ಟಕ್ಕೆ ಓಡಿ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಹವಳ, ಸ್ಪಂಜು, ಕಡಲಬೀಸಣಿಗೆ, ಬಂಡೆಗೆ ಕಚ್ಚಿಕೊಂಡ ಚಿಪ್ಪುಜೀವಿ ಇವೆಲ್ಲ ಲಾರ್ವಾ ಹಂತದಲ್ಲಿ ನೀರಲ್ಲಿ ತೇಲಿಬಂದು ಒಂದು ಕಡೆ ನೆಲೆಯೂರಿದರೆ ಮುಗಿಯಿತು, ಸಾಯುವವರೆಗೂ ಅದೇ ಜಾಗ. ಹರಿಯುವ ನೀರು ತಂದುಕೊಟ್ಟದ್ದೇ ಊಟ. ಇವುಗಳ ಸಂದುಗೊಂದುಗಳಲ್ಲಿ ಏಡಿ, ಸೀಗಡಿ, ಹುಳು, ನಕ್ಷತ್ರಮೀನು, ಸೀ ಅರ್ಚಿನ್‌ಗಳು ಸೇರಿಕೊಳ್ಳುತ್ತವೆ. ಮೀನಿನ ಮರಿಗಳು ಅಡಗಲು ಬರುತ್ತವೆ. ಅಂಟಿಕೊಂಡಿರುವವು ಅಳಿದರೆ ಓಡಾಡುವವೂ ಜಾಗ ಖಾಲಿ ಮಾಡುತ್ತವೆ.

ಸಾಗರ ಉದ್ಯಾನಗಳನ್ನು ಘೋಷಿಸುವಾಗ ಸರಕಾರಗಳ ಕಣ್ಣಲ್ಲಿದ್ದ ಶತ್ರುಗಳು ಬೇರೆ: ತಳ ಗೋರುವ ಟ್ರಾಲ್ ಬಲೆ, ಮೀನಿಗೆ ಇಡುವ ಸಿಡಿಮದ್ದು, ಹವಳ ಕಿತ್ತು ಮಾರುವವರು. ಇವರನ್ನು ಹೊರಗಿಟ್ಟರೆ ಕೆಲವು ವರ್ಷಗಳಲ್ಲಿ ಮೀನು ತುಂಬಿಕೊಳ್ಳುತ್ತದೆ. ಮೀನು ತುಂಬಿದ ಸುದ್ದಿ ಹಬ್ಬುತ್ತದೆ, ದೋಣಿಗಳು ಬರುತ್ತವೆ, ದಡದಲ್ಲಿ ಡೈವಿಂಗ್ ಅಂಗಡಿಗಳು ಬಾಗಿಲು ತೆರೆಯುತ್ತವೆ. ರಕ್ಷಣೆ ಫಲಿಸಿದ್ದರಿಂದಲೇ ಹೊಸ ಒತ್ತಡ ಶುರುವಾಗುತ್ತದೆ.

ಸ್ಪೇನಿನ ಮೆಡೆಸ್ ದ್ವೀಪಗಳಲ್ಲಿ ಆದದ್ದು ಇದೇ. ಕ್ಯಾಟಲೋನಿಯಾ ಕರಾವಳಿಯ ಲೆಸ್ತಾರ್ತಿತ್ ಪಟ್ಟಣದಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ, ಮೆಡಿಟರೇನಿಯನ್ ಕಡಲಲ್ಲಿ ಈ ಪುಟ್ಟ ಸುಣ್ಣಕಲ್ಲಿನ ನಡುಗಡ್ಡೆಗಳಿವೆ. 1983ರಲ್ಲಿ ಇಲ್ಲಿ ಮೀನುಗಾರಿಕೆ ನಿಷೇಧವಾಯಿತು. 1990ರಲ್ಲಿ ಪ್ರತ್ಯೇಕ ಕಾನೂನು ಬಂತು, 2010ರಲ್ಲಿ ದೊಡ್ಡದೊಂದು ನೈಸರ್ಗಿಕ ಉದ್ಯಾನದ ಭಾಗವಾಯಿತು. ಬೇರೆಡೆ ಕಾಣಸಿಗದಷ್ಟು ದೊಡ್ಡ ಗ್ರೂಪರ್ ಮೀನುಗಳು ಇಲ್ಲಿ ಮನುಷ್ಯರ ಹತ್ತಿರವೇ ಸುಳಿದಾಡತೊಡಗಿದವು. ಅವನ್ನು ನೋಡಲು ಬಂದವರು ವರ್ಷಕ್ಕೆ ಹತ್ತಾರು ಸಾವಿರ ಬಾರಿ ನೀರಿಗಿಳಿದರು, ಅದೂ ಕೆಲವೇ ಹೆಕ್ಟೇರಿನಷ್ಟು ಬಂಡೆಗೋಡೆಗಳ ಸುತ್ತ.

ಆ ಗೋಡೆಗಳ ಮೇಲೆ ಪೆಂಟಾಪೊರಾ ಎಂಬ ಜೀವಿ ಬೆಳೆಯುತ್ತದೆ. ಇದು ಬ್ರಯೊಜೋವಾ ಗುಂಪಿಗೆ ಸೇರಿದ್ದು. ಬರಿಗಣ್ಣಿಗೆ ಹಿಡಿಯದಷ್ಟು ಸಣ್ಣ ಸಾವಿರಾರು ಪ್ರಾಣಿಗಳು ಒಟ್ಟಾಗಿ ಸುಣ್ಣದ ತೆಳು ಪದರಗಳನ್ನು ಕಟ್ಟಿ, ಅವು ಒಂದಕ್ಕೊಂದು ಹೆಣೆದುಕೊಂಡು ಕಿತ್ತಳೆ ಬಣ್ಣದ ಪೊದೆಯಂತೆ ಹರಡುತ್ತವೆ. ಪದರದ ಸಂದಿನಲ್ಲಿ ಸಣ್ಣ ಜೀವಿಗಳ ಇನ್ನೊಂದು ಲೋಕವೇ ಇರುತ್ತದೆ. ಆದರೆ ಕೈಯೋ ಕಾಲೋ ತಗಲಿದರೆ ಇದು ಹಪ್ಪಳದ ಹಾಗೆ ಪುಡಿಯಾಗುತ್ತದೆ. ಬಾರ್ಸಿಲೋನಾ ಕಡೆಯ ಸಂಶೋಧಕರಾದ ಎನ್ರಿಕ್ ಸಾಲಾ, ಜೋಕಿಂ ಗರಾಬೊ, ಮಿಕೆಲ್ ಸಬಾಲಾ ಮೊದಲಾದವರು 1990ರ ದಶಕದಲ್ಲಿ ಇದನ್ನೇ ಅಳತೆಗೋಲಾಗಿ ಹಿಡಿದರು. ಡೈವರ್‌ಗಳು ಹೆಚ್ಚಾಗಿ ಇಳಿಯುವ ಕಡೆ ಪೆಂಟಾಪೊರಾ ವಿರಳವಾಗಿತ್ತು, ಉಳಿದವೂ ಗಾತ್ರದಲ್ಲಿ ಸಣ್ಣವು, ಬಂಡೆಯ ಬಿರುಕಿನಲ್ಲೋ ಚಾಚಿನ ಕೆಳಗೋ ಅಡಗಿದ್ದವು. ಬಯಲಲ್ಲಿ ಬೆಳೆದವು ಆಗಲೇ ಮುರಿದುಹೋಗಿದ್ದವು.

ಇನ್ನೂ ಹೇಳಬೇಕಾದ ಸಂಗತಿ ಒಂದಿದೆ. ಡೈವರ್‌ಗಳು ಅಷ್ಟಾಗಿ ಹೋಗದಿದ್ದ ಒಂದು ಜಾಗದಲ್ಲಿ ದೋಣಿ ಕಟ್ಟಲು ಹೊಸದಾಗಿ ಬೋಯಾ ಹಾಕಿದರು. ಲಂಗರು ತಳಕ್ಕೆ ಬೀಳಬಾರದು ಎಂಬ ಒಳ್ಳೆಯ ಉದ್ದೇಶಕ್ಕೆ ಬಳಸುವ ಸಾಧನ ಅದು. ಬೋಯಾ ಇದ್ದ ಮೇಲೆ ದೋಣಿ ನಿಂತಿತು, ಜನ ಇಳಿದರು. ಒಂದೇ ವರ್ಷದಲ್ಲಿ ಅಲ್ಲಿನ ಪೆಂಟಾಪೊರಾ ಸುಮಾರು ಅರ್ಧಕ್ಕೆ ಇಳಿಯಿತು.

ಅದೇ ಗೋಡೆಗಳ ಕೆಂಪು ಕಡಲಬೀಸಣಿಗೆಯ ಕತೆ ನಿಧಾನದ್ದು. ಪಾರಾಮ್ಯುರಿಸಿಯಾ ಕ್ಲವಾಟಾ ಎಂಬ ಈ ಜೀವಿ ವರ್ಷಕ್ಕೆ ಎರಡು ಸೆಂಟಿಮೀಟರಿನಷ್ಟೂ ಎತ್ತರವಾಗುವುದಿಲ್ಲ. ಮೊಳದುದ್ದ ಕಂಡರೆ ಅದಕ್ಕೆ ದಶಕಗಳ ವಯಸ್ಸು. ಡೈವರ್ ಕಾಲಿಗೆ ತೊಟ್ಟ ಫಿನ್ ತಾಗಿದರೆ ಕೊಂಬೆ ಮುರಿಯುವುದಕ್ಕಿಂತ ಹೆಚ್ಚಾಗಿ ಬುಡವೇ ಕಿತ್ತು ಬರುತ್ತದೆ. ಬಿದ್ದದ್ದು ತಳದ ಮರಳಿನಲ್ಲಿ ಉಜ್ಜಿ, ಮೇಲೆ ಬೇರೆ ಜೀವಿಗಳು ಬೆಳೆದು ಸಾಯುತ್ತದೆ. ಮೆಡೆಸ್‌ನಲ್ಲಿ ಇವುಗಳ ಸಾವಿನ ಪ್ರಮಾಣ ಡೈವಿಂಗ್ ಇಲ್ಲದ ಕಡೆಗಿಂತ ಸುಮಾರು ಮೂರು ಪಟ್ಟು ಎಂದು 2004ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಹತ್ತು ವರ್ಷಕ್ಕೊಮ್ಮೆ ಬೀಸುವ ಬಿರುಗಾಳಿ ಇಂಥವನ್ನು ಕೆಡವಿದರೆ ಜಾತಿ ತಡೆದುಕೊಳ್ಳುತ್ತದೆ. ವರ್ಷವರ್ಷವೂ ಅದೇ ಆದರೆ ಮರಿಗಳು ಬೆಳೆದು ಲೆಕ್ಕ ಸರಿದೂಗಿಸಲು ಸಮಯವೇ ಸಿಗುವುದಿಲ್ಲ.

ಇದನ್ನೆಲ್ಲ ಯಾರೂ ಬೇಕೆಂದು ಮಾಡುವುದಿಲ್ಲ. ಹೊಸಬನ ಸೊಂಟಕ್ಕೆ ಕಟ್ಟಿದ ಸೀಸದ ತೂಕ ಕೊಂಚ ಹೆಚ್ಚಾಗಿರುತ್ತದೆ. ನೀರಲ್ಲಿ ಮೇಲೂ ಹೋಗದೆ ಕೆಳಗೂ ಇಳಿಯದೆ ತೂಗಿ ನಿಲ್ಲುವ ಹದ ಅವನಿಗೆ ಒಲಿದಿರುವುದಿಲ್ಲ. ದೇಹದ ಮೇಲ್ಭಾಗ ಎತ್ತರಕ್ಕೆ, ಕಾಲು ಕೆಳಕ್ಕೆ. ಮುಂದೆ ಹೋಗಲು ಒದ್ದ ಪ್ರತಿ ಒದೆತವೂ ಬಂಡೆಗೆ. ಗಾಳಿಯೊತ್ತಡ ತೋರುವ ಮೀಟರು ಕೊಳವೆಯ ತುದಿಯಲ್ಲಿ ಜೋತಾಡುತ್ತ ಹವಳದ ಮೇಲೆ ಎಳೆದುಕೊಂಡು ಬರುತ್ತದೆ, ಮುಂದೆ ನೋಡುತ್ತಿರುವವನಿಗೆ ಅದು ತಿಳಿಯುವುದೂ ಇಲ್ಲ. ಫಿನ್‌ನಿಂದ ಎದ್ದ ಹೂಳು ನಿಧಾನವಾಗಿ ಕೆಳಗಿಳಿದು ಸ್ಪಂಜಿನ ರಂಧ್ರಗಳನ್ನು ಮುಚ್ಚುತ್ತದೆ, ಹವಳದ ಮೇಲೆ ಕೂರುತ್ತದೆ. ಅದನ್ನು ತೊಳೆದುಕೊಳ್ಳಲು ಹವಳ ಲೋಳೆ ಸುರಿಸಿ ಶಕ್ತಿ ಕಳೆದುಕೊಳ್ಳಬೇಕು. ನೀರೊಳಗಿನ ಗುಹೆಗಳಲ್ಲಿ ಉಸಿರು ಬಿಟ್ಟರೂ ತೊಂದರೆಯೇ. ಗುಳ್ಳೆಗಳು ಗುಹೆಯ ಮಾಡಿನಲ್ಲಿ ಸಿಕ್ಕಿಬಿದ್ದು, ಅಲ್ಲಿ ತಲೆಕೆಳಗಾಗಿ ಬೆಳೆದ ಜೀವಿಗಳನ್ನು ನೀರಿನಿಂದ ಹೊರಗಿಟ್ಟಂತೆ ಮಾಡುತ್ತವೆ.

ಕ್ಯಾಮೆರಾ ಇದ್ದವರದು ಬೇರೆಯೇ ಲೆಕ್ಕ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಡೈವರ್‌ಗಳ ಹಿಂದೆಯೇ ಈಜಿ ಎಣಿಸಿದ ಸಂಶೋಧಕರಿಗೆ, ಪಳಗಿದ ಫೋಟೋಗ್ರಾಫರುಗಳೇ ಕ್ಯಾಮೆರಾ ಇಲ್ಲದವರಿಗಿಂತ ಹೆಚ್ಚು ಹವಳ ಮುರಿಯುವುದು ಕಂಡಿತು. ಅನುಭವವಿದ್ದರೆ ಸಾಲದು. ಒಂದು ಸಣ್ಣ ಸೀಗಡಿಯ ಚಿತ್ರ ತೆಗೆಯಲು ಸ್ಥಿರವಾಗಿ ನಿಲ್ಲಬೇಕು, ನಿಲ್ಲಲು ಏನನ್ನಾದರೂ ಹಿಡಿಯಬೇಕು.

ಲಂಗರಿನ ಹಾನಿ ಇದಕ್ಕಿಂತ ಹಳೆಯದು, ಒಮ್ಮೆಗೇ ಕಣ್ಣಿಗೆ ಬೀಳುವಂಥದ್ದು. ಫ್ರಾನ್ಸಿನ ಪೋರ್‌ಕ್ರೋ ರಾಷ್ಟ್ರೀಯ ಉದ್ಯಾನ 1963ರಷ್ಟು ಹಿಂದೆಯೇ ಸ್ಥಾಪನೆಯಾಯಿತು. ಅಲ್ಲಿನ ಪೊಸಿಡೋನಿಯಾ ಎಂಬ ಕಡಲಹುಲ್ಲಿನ ಬಯಲಿಗೆ ವಿಹಾರದೋಣಿಗಳು ಬೇಸಿಗೆಯಿಡೀ ಲಂಗರು ಹಾಕುತ್ತಿದ್ದವು. ಬೀಳುವಾಗ ಒಂದಿಷ್ಟು, ಎಳೆಯುವಾಗ ಮತ್ತೊಂದಿಷ್ಟು ಹುಲ್ಲು ಬೇರುಸಹಿತ ಏಳುತ್ತದೆ. ಗಾಳಿಗೆ ದೋಣಿ ತಿರುಗಿದಂತೆ ಸರಪಳಿ ತಳವನ್ನು ಗುಡಿಸುತ್ತದೆ. ಈ ಹುಲ್ಲಿನ ಕಾಂಡ ನೆಲದಲ್ಲಿ ಹರಡುವುದು ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಅದರ ಎಲೆ, ಬೇರು, ಕೆಸರನ್ನು ನಂಬಿದ ಹುಳು, ಚಿಪ್ಪು, ಏಡಿಗಳಿಗೆ ಒಂದು ಮಧ್ಯಾಹ್ನದ ವಿಹಾರದ ಬೆಲೆ ಹಲವು ದಶಕ.

ಉಷ್ಣವಲಯದ ಹವಳದ ದಿಬ್ಬಗಳಲ್ಲಿ ಇಳಿತದ ಹೊತ್ತಿಗೆ ನಡೆದಾಡುವವರ ಕಾಲೂ ಸೇರಿಕೊಳ್ಳುತ್ತದೆ. ಕೆಂಪು ಸಮುದ್ರದ ಶರ್ಮ್ ಎಲ್ ಶೇಖ್‌ನಲ್ಲಿ ದಡದಿಂದ ಆಳದ ನೀರಿಗೆ ಹೋಗಬೇಕಾದರೆ ಹವಳದ ಬಯಲನ್ನು ದಾಟಲೇಬೇಕು. ದಿನಾ ನೂರಾರು ಜನ ತುಳಿದ ದಾರಿಯಲ್ಲಿ ಮುರಿದ ಹವಳ, ಬರಿಗಲ್ಲು ಹೆಚ್ಚಿದ್ದನ್ನು ಜೂಲಿ ಹಾಕಿನ್ಸ್ ಮತ್ತು ಕ್ಯಾಲಂ ರಾಬರ್ಟ್ಸ್ ದಾಖಲಿಸಿದರು. ಗುಜರಾತಿನ ಕಚ್ ಕೊಲ್ಲಿಯಲ್ಲಿ 1982ರಲ್ಲಿ ಘೋಷಿತವಾದ ಭಾರತದ ಮೊದಲ ಸಾಗರ ರಾಷ್ಟ್ರೀಯ ಉದ್ಯಾನದಲ್ಲೂ ನೋಟ ಸಿಗುವುದು ಹೀಗೆ ನಡೆದೇ. ನರಾರಾದಲ್ಲಿ ಇಳಿತವಾದಾಗ ಜನ ಹವಳದ ಬಯಲಿಗೆ ಹೊರಡುತ್ತಾರೆ. ಇಂಥ ಕಡೆ ತುಳಿತಕ್ಕಿಂತ ಸೂಕ್ಷ್ಮವಾದ ತಪ್ಪೊಂದಿದೆ. ಕೆಳಗೇನಿದೆ ಎಂದು ಕಲ್ಲು ಮಗುಚಿ ನೋಡಿ ಹಾಗೇ ಬಿಟ್ಟುಬಿಡುವುದು. ನೆರಳಲ್ಲೇ ಬದುಕುವ ಸ್ಪಂಜು, ಹುಳುಗಳು ಬಿಸಿಲಿಗೆ ಒಣಗುತ್ತವೆ. ಮೇಲ್ಮೈಯ ಪಾಚಿ ಕೆಳಗಾಗಿ ಕೊಳೆಯುತ್ತದೆ.

ಮುರಿದ ಹವಳ ಸಾಯಲೇಬೇಕೆಂದಿಲ್ಲ. ತುಂಡು ಬಿದ್ದಲ್ಲೇ ಬೇರೂರಿ ಬೆಳೆಯುವುದೂ ಉಂಟು. ಆದರೆ ಗಾಯ ರೋಗಕ್ಕೆ ಬಾಗಿಲು. ಗ್ರೇಟ್ ಬ್ಯಾರಿಯರ್ ರೀಫ್ ಸಾಗರ ಉದ್ಯಾನದಲ್ಲಿ ಪ್ರವಾಸಿಗಳನ್ನು ಇಳಿಸಲು ಪಾಂಟೂನ್ ಎಂಬ ದೊಡ್ಡ ತೇಲುಕಟ್ಟೆಗಳನ್ನು ಲಂಗರಿಳಿಸಿ ನಿಲ್ಲಿಸಿದ್ದಾರೆ. ಅವುಗಳ ಬಳಿಯ ಹವಳಗಳಲ್ಲಿ ರೋಗ, ಪಾಂಟೂನ್ ಇಲ್ಲದ ದಿಬ್ಬಗಳಿಗಿಂತ 15 ಪಟ್ಟು ಹೆಚ್ಚು ಎಂದು 2011ರ ಅಧ್ಯಯನವೊಂದು ತೋರಿಸಿತು. ಸುತ್ತಲೂ ಹವಳ ತುಂಬಿಕೊಂಡೇ ಇತ್ತು ಎಂಬುದನ್ನೂ ಮರೆಯುವಂತಿಲ್ಲ. ಎಷ್ಟು ಹವಳವಿದೆ ಎಂದಷ್ಟೇ ಅಳೆದಿದ್ದರೆ ಏನೂ ತಪ್ಪು ಕಾಣುತ್ತಿರಲಿಲ್ಲ.

ಪ್ರವಾಸೋದ್ಯಮದ ಹಾನಿ ಕಣ್ತಪ್ಪುವುದು ಹೀಗೆ. ಕೆರಿಬಿಯನ್ನಿನ ಬೊನೇರ್ ದ್ವೀಪವನ್ನು ಜಗತ್ತಿನ ಶಿಸ್ತಿನ ಸಾಗರ ಉದ್ಯಾನಗಳಲ್ಲಿ ಒಂದೆನ್ನುತ್ತಾರೆ. 1979ರಲ್ಲಿ ಉದ್ಯಾನ ಬಂತು, ಲಂಗರು ನಿಷೇಧವಾಯಿತು, ಎಲ್ಲೆಡೆ ಬೋಯಾ ಬಂದವು, 1990ರ ದಶಕದಲ್ಲಿ ಡೈವರ್‌ಗಳಿಂದ ಶುಲ್ಕ ಪಡೆದು ಉದ್ಯಾನದ ಖರ್ಚು ತೂಗಿಸತೊಡಗಿದರು. ಹಾಕಿನ್ಸ್ ತಂಡ ಅಲ್ಲಿ ಡೈವಿಂಗ್ ನಡೆಯುವ ತಾಣಗಳನ್ನೂ ಯಾರೂ ಇಳಿಯದ ಮೀಸಲು ಭಾಗಗಳನ್ನೂ ಹೋಲಿಸಿತು. ಒಟ್ಟು ಹವಳದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಡೈವಿಂಗ್ ತಾಣಗಳಲ್ಲಿ ಗುಂಡು ಬಂಡೆಯಂತೆ ನಿಧಾನವಾಗಿ ಬೆಳೆಯುವ ಹಳೆಯ ಹವಳಗಳು ಹೆಚ್ಚು ವೇಗವಾಗಿ ಕಡಿಮೆಯಾಗಿದ್ದವು. ಕವಲೊಡೆದು ಬೇಗ ಬೆಳೆಯುವ ಹವಳಗಳು ಆ ಜಾಗ ಹಿಡಿಯುತ್ತಿದ್ದವು. ಗುಂಡು ಹವಳ ಗಟ್ಟಿ, ಕವಲು ಹವಳ ನಾಜೂಕು ಎಂಬ ಸಾಮಾನ್ಯ ಎಣಿಕೆಗೆ ಇದು ತಿರುಗುಮುರುಗು. ಮುರಿದರೂ ಕವಲು ಹವಳ ಮತ್ತೆ ಚಿಗುರುತ್ತದೆ. ಗುಂಡು ಹವಳದ ಮೇಲಿನ ತೆಳು ಜೀವಪದರ ಕೆರೆದುಹೋದರೆ ಗಾಯ ಮಾಯುವುದಕ್ಕೆ ಮೊದಲೇ ಪಾಚಿ ಕೂತುಬಿಡುತ್ತದೆ. ಪ್ರವಾಸಿಗೆ ಕಾಣುವುದು ಅದೇ ಬಣ್ಣ, ಅದೇ ಮೀನು. ಸಮುದಾಯ ಮಾತ್ರ ಬೇರೆಯಾಗಿರುತ್ತದೆ.

ಹಾಗಾದರೆ ಎಷ್ಟು ಜನ ಇಳಿಯಬಹುದು? ಬೊನೇರ್‌ನಲ್ಲೇ 1990ರ ದಶಕದ ಆರಂಭದಲ್ಲಿ ಒಂದು ತಾಣಕ್ಕೆ ವರ್ಷಕ್ಕೆ 4,000ದಿಂದ 6,000 ಡೈವ್‌ಗಳು ಮಿತಿ ಎಂಬ ಅಂದಾಜು ಹುಟ್ಟಿತು. ಆಡಳಿತಗಾರರಿಗೆ ಸಂಖ್ಯೆ ಬೇಕಾಗಿತ್ತು, ಸಿಕ್ಕಿತು; ಅದು ಬೇರೆ ಸಮುದ್ರಗಳಿಗೂ ಹೋಯಿತು. ಇಸ್ರೇಲಿನ ಐಲಾಟ್‌ನಲ್ಲಿ ಕೆಲವು ತಾಣಗಳು ವರ್ಷಕ್ಕೆ 30,000 ಡೈವ್‌ಗಳನ್ನೂ ದಾಟಿದ್ದವು, ಅಲ್ಲಿನ ಹೆಚ್ಚಿನ ಕಲ್ಲುಹವಳಗಳು ಗಾಯಗೊಂಡಿದ್ದವು. ಮಿತಿಯ ಮಾತಿನಲ್ಲಿ ಹುರುಳಿದೆ. ಆದರೂ ಸೀಮೆಯೊಂದಕ್ಕೆ ಹೊಂದಿದ ಅಂಕಿ ಕಡಲಬೀಸಣಿಗೆಯ ಗೋಡೆಗೂ ಮರಳು ತಳಕ್ಕೂ ಒಂದೇ ಆಗಲಾರದು. ಮೆಡೆಸ್‌ನ ಪೆಂಟಾಪೊರಾಕ್ಕೆ ಆ ಅಂಕಿಯೂ ಹೆಚ್ಚೇ ಆದೀತು.

ಸಂಖ್ಯೆಗಿಂತ ನಡತೆ ಮುಖ್ಯ ಎಂಬುದಕ್ಕೆ ಈಜಿಪ್ಟಿನ ರಾಸ್ ಮೊಹಮ್ಮದ್ ಉದ್ಯಾನದಲ್ಲಿ ಒಳ್ಳೆಯ ಪುರಾವೆ ಸಿಕ್ಕಿತು. ನೀರಿಗಿಳಿಯುವ ಮೊದಲು ಹವಳವೆಂದರೇನು, ಏಕೆ ಮುಟ್ಟಬಾರದು ಎಂದು ವಿವರಿಸಿ, ಕಡಲಲ್ಲಿ ಒಮ್ಮೆ ತೋರಿಸಿಕೊಟ್ಟಾಗ, ಡೈವರ್ ಏಳು ನಿಮಿಷಕ್ಕೆ ಸರಾಸರಿ 1.4 ಬಾರಿ ಹವಳಕ್ಕೆ ತಾಗುತ್ತಿದ್ದುದು 0.4ಕ್ಕೆ ಇಳಿಯಿತು. 1997ರ ಈ ಫಲಿತಾಂಶ ಎಲ್ಲರಿಗೂ ಹಿಡಿಸಿತು. ಆದರೆ 2004ರಲ್ಲಿ ಕೆರಿಬಿಯನ್ನಿನ ಸೇಂಟ್ ಲೂಸಿಯಾದಿಂದ ಬಂದ ವರದಿ ಅಷ್ಟು ಸುಖದ್ದಲ್ಲ: ದೋಣಿಯ ಮೇಲೆ ಹೇಳಿದ ಒಂದೆರಡು ಮಾತು ಯಾವ ಬದಲಾವಣೆಯನ್ನೂ ತರಲಿಲ್ಲ. ನೀರೊಳಗೆ ಜೊತೆಗಿದ್ದ ಗೈಡ್, ತಪ್ಪಿದವನನ್ನು ಅಲ್ಲೇ ತಡೆದು ಸರಿಪಡಿಸಿದಾಗ ಮಾತ್ರ ತಾಗುವಿಕೆ ನಿಮಿಷಕ್ಕೆ 0.3ರಿಂದ 0.1ಕ್ಕೆ ಇಳಿಯಿತು. ಅಂದರೆ ಒಬ್ಬ ಗೈಡ್ ಎಷ್ಟು ಜನರನ್ನು ಕರೆದೊಯ್ಯುತ್ತಾನೆ ಎಂಬುದು ಉದ್ಯಾನದ ಬಹುಮುಖ್ಯ ನಿಯಮವಾಗಬೇಕು. ಹತ್ತು ಮಂದಿಯ ಹಿಂಡಿನ ಮುಂದೆ ಈಜುವವನಿಗೆ ಹಿಂದಿನವರ ಕಾಲು ಕಾಣುವುದಿಲ್ಲ.

ಪೂರ್ತಿ ಬಾಗಿಲು ಹಾಕುವುದು ಕೊನೆಯ ದಾರಿ. ಥಾಯ್ಲೆಂಡಿನ ಮಾಯಾ ಬೇ ಕೊಲ್ಲಿಯಲ್ಲಿ 2000ದಲ್ಲಿ ಬಂದ ‘ದ ಬೀಚ್’ ಚಿತ್ರದ ನಂತರ ಜನ ಮುಗಿಬಿದ್ದರು, ದಿನಕ್ಕೆ ಸಾವಿರಾರು ಮಂದಿ, ಲೆಕ್ಕವಿಲ್ಲದ ದೋಣಿಗಳು. ಒಳಗಿನ ಹವಳ ಬಹುತೇಕ ಹೋಯಿತು. 2018ರ ಜೂನ್‌ನಲ್ಲಿ ಮುಚ್ಚಿದ ಕೊಲ್ಲಿ 2022ರ ಜನವರಿಯಲ್ಲಿ ಮತ್ತೆ ತೆರೆಯಿತು, ಈ ಬಾರಿ ದೋಣಿಗಳಿಗೆ ಒಳಗೆ ಪ್ರವೇಶವಿಲ್ಲದೆ. ಕಪ್ಪುತುದಿ ರೆಕ್ಕೆಯ ಶಾರ್ಕ್‌ಗಳು ಬೇಗನೆ ಮರಳಿದವು. ಹವಳವನ್ನು ಮಾತ್ರ ಕೈಯಿಂದ ನೆಡಬೇಕಾಯಿತು.

ನ್ಯಾಯವಾಗಿ ಹೇಳಬೇಕೆಂದರೆ, ವಿಸ್ತಾರದಲ್ಲಿ ಡೈವರ್‌ನ ಹಾನಿ ಬಿಸಿಯೇರಿದ ಸಮುದ್ರದ ಹಾನಿಯ ಮುಂದೆ ಚಿಕ್ಕದು. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 2016ರಿಂದ ಮರುಮರುಕಳಿಸುತ್ತಿರುವ ಹವಳಗಳ ಸಾಮೂಹಿಕ ಬಿಳಿಚುವಿಕೆ ಯಾವ ಫಿನ್‌ಗೂ ಮೀರಿದ್ದು. ಅಲ್ಲಿನ ಪ್ರವಾಸಿ ಶುಲ್ಕ ಉದ್ಯಾನದ ನಿರ್ವಹಣೆಗೇ ಹೋಗುತ್ತದೆ ಕೂಡ. ಆದರೆ ಸಮುದ್ರದ ಬಿಸಿಯನ್ನು ಉದ್ಯಾನದ ಅಧಿಕಾರಿ ಇಳಿಸಲಾರ, ಗೈಡ್‌ಗೆ ಎಷ್ಟು ಜನ ಎಂದು ಗೊತ್ತುಪಡಿಸಬಲ್ಲ.

ಅಂಡಮಾನಿನ ವಂಡೂರಿನಲ್ಲಿರುವ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ ಸರಳ ಉಪಾಯವೊಂದನ್ನು ಹಿಡಿದಿದೆ: ಜಾಲಿ ಬಾಯ್ ದ್ವೀಪ ತೆರೆದಿರುವಾಗ ರೆಡ್ ಸ್ಕಿನ್ ಮುಚ್ಚಿರುತ್ತದೆ, ಅದು ತೆರೆದಾಗ ಇದು. ಎಸೆದುಬಿಡುವ ಪ್ಲಾಸ್ಟಿಕ್ ಬಾಟಲಿಗೂ ದೋಣಿಯಲ್ಲಿ ಜಾಗವಿಲ್ಲ. ಕರ್ನಾಟಕದಲ್ಲಿ ಡೈವಿಂಗ್ ಎಂದರೆ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಅಲ್ಲಿಗೆ ಬರುವವರಲ್ಲಿ ಬಹಳ ಮಂದಿ ಮೊದಲ ಬಾರಿ ಸಿಲಿಂಡರ್ ಹೊತ್ತವರು, ಈಜು ಬಾರದವರೂ ಉಂಟು. ತರಬೇತುದಾರ ಹಿಡಿದುಕೊಂಡೇ ಇಳಿಸುತ್ತಾನೆ. ಸೇಂಟ್ ಲೂಸಿಯಾದ ಲೆಕ್ಕದಲ್ಲಿ ಇದು ಒಳ್ಳೆಯ ಪದ್ಧತಿಯೇ, ಒಬ್ಬನ ಕೈಯಲ್ಲಿ ಒಬ್ಬನೇ ಇರುವವರೆಗೆ. ಅಲ್ಲಿನ ಬಂಡೆಗಳ ಮೇಲೆ ಯಾವ ಹವಳ, ಯಾವ ಸ್ಪಂಜು ಎಷ್ಟಿದೆ ಎಂದು ಒಂದೇ ಜಾಗದಲ್ಲಿ ವರ್ಷವರ್ಷವೂ ಎಣಿಸಿ ಬರೆದಿಟ್ಟರೆ, ಮೆಡೆಸ್‌ನಲ್ಲಿ ಬೋಯಾ ಹಾಕಿದ ಮೇಲೆ ಕಂಡಂಥ ಇಳಿಕೆ ಶುರುವಾದ ವರ್ಷವೇ ಗೊತ್ತಾಗುತ್ತದೆ.