ಕಬ್ಬಿನ ಸೀಮೆಯಲ್ಲಿ ಲಾರಿಯ ಕಣ್ಣು ಮಂಜಾದಾಗ

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಲಾರಿ ಡ್ರೈವರ್ ಇರುತ್ತಾರೆ. ತೆಂಗಿನಕಾಯಿಯೋ ಇನ್ನೇನೋ ಹೇರಿಕೊಂಡು ಘಟ್ಟ ಹತ್ತಿದವರು ವಾಪಸ್ ಬರುವಾಗ ಮಹಾಲಿಂಗಪುರದ ಬೆಲ್ಲ ತುಂಬಿಕೊಂಡು ಬರುವುದೂ ಉಂಟು. ಕಳೆದ ಸೀಸನ್‌ನಲ್ಲಿ ನಾಲ್ಕು ದಿನ ರಜೆ ಸಿಕ್ಕಿತೆಂದು ನಾನೂ ಬಾವನ ಹಳೇ ಲಾರಿಯಲ್ಲಿ ಕೂತು ಹೋಗಿದ್ದೆ.

ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಎಂದರೆ ಕೃಷ್ಣಾ, ಘಟಪ್ರಭಾ ನೀರು ಕುಡಿದ ಕಬ್ಬಿನ ಸೀಮೆ. ಸಮೀರವಾಡಿಯಂಥ ಸಕ್ಕರೆ ಕಾರ್ಖಾನೆಗಳಿಗೆ ರಾತ್ರಿಯಿಡೀ ಕಬ್ಬು ಸಾಗುತ್ತದೆ. ಒಂದೊಂದು ಟ್ರ್ಯಾಕ್ಟರ್‌ಗೆ ಎರಡೆರಡು ಟ್ರೇಲರ್. ಹಿಂದೆ ದೀಪ ಇದ್ದರೂ ಜೋತುಬಿದ್ದ ಕಬ್ಬಿನ ಗರಿ ಅದನ್ನು ಮುಚ್ಚಿರುತ್ತದೆ. ಲೋಕಾಪುರ ದಾಟಿ ಮುಧೋಳದ ದಾರಿ ಹಿಡಿದಿದ್ದೆವು. ಎದುರಿನ ಬಸ್ಸಿಗೆಂದು ಬಾವ ಲೈಟ್ ಡಿಪ್ ಮಾಡಿದರು, ನಮ್ಮ ಬೆಳಕು ಪೂರಾ ಸತ್ತೇ ಹೋದಂತಾಯಿತು. ಬಸ್ಸು ಪಾಸಾದದ್ದೇ ತಡ, ಮೂತಿಯ ಮುಂದೆಯೇ ಕಬ್ಬಿನ ಟ್ರೇಲರ್! ಬ್ರೇಕ್ ಹಿಡಿಯಿತು, ಅಲ್‌ಹಮ್ದುಲಿಲ್ಲಾಹ್. ಎರಡು ಮೊಳ ಅಂತರವಿತ್ತೋ ಇಲ್ಲವೋ. ಬೆಳಗಾಗುವವರೆಗೆ ಲಾರಿಯನ್ನು ಬದಿಗೆ ಹಾಕಿ ಕೂತೆವು. ಮನೆಗೆ ಫೋನ್ ಮಾಡಿದಾಗ ಈ ವಿಷಯ ಯಾರೂ ಹೇಳಲಿಲ್ಲ.

ಬಾವ ಅದಾಗಲೇ ಎರಡು ಸಲ ಬಲ್ಬ್ ಬದಲಾಯಿಸಿದ್ದರು. ಜಮಖಂಡಿಯ ವೈರಿಂಗ್ ಮಿಸ್ತ್ರಿ ಬಲ್ಬ್ ಮುಟ್ಟಲೇ ಇಲ್ಲ. ಲೈಟ್ ಡಿಪ್‌ಗೆ ಹಾಕಿಸಿ ಡ್ಯಾಶ್‌ಬೋರ್ಡ್ ನೋಡಿದರು. ಬ್ರೈಟ್‌ಗೆ ಮಾತ್ರ ಉರಿಯಬೇಕಾದ ನೀಲಿ ದೀಪ ಡಿಪ್‌ನಲ್ಲೂ ಮಿಣಿಮಿಣಿ ಅನ್ನುತ್ತಿತ್ತು. "ಬಲ್ಬಿಂದೇನೂ ತಪ್ಪಿಲ್ಲರೀ ಸಾಹೇಬ್ರ. ಕರೆಂಟ್ ಬರಾಕತ್ತೈತಿ, ಹೊರಗ ಹೋಗಾಕ ದಾರಿ ಇಲ್ಲ" ಅಂದರು.

ಅಂದರೆ ಅರ್ತ್ ಕೆಟ್ಟಿದೆ. ಮೂರು ಪಿನ್ನಿನ ಬಲ್ಬಿನಲ್ಲಿ ಡಿಪ್‌ಗೂ ಬ್ರೈಟ್‌ಗೂ ಅರ್ತ್ ಒಂದೇ. ಅದು ಸಡಿಲವಾದರೆ ಕರೆಂಟ್ ಬ್ರೈಟ್ ತಂತಿಯೊಳಗೆ ಹಿಂದಕ್ಕೆ ನುಗ್ಗಿ ಬೇರೆ ದಾರಿ ಹುಡುಕುತ್ತದೆ. ಎಲ್ಲವೂ ಅರೆಬರೆ ಉರಿಯುತ್ತದೆ. ಕಡಲ ಗಾಳಿಯ ಉಪ್ಪು ತಿಂದ ನಮ್ಮ ಕಡೆಯ ಲಾರಿಗಳಿಗೆ ಇದು ಬೇಗ ಬರುವ ಕಾಯಿಲೆ. ವೈರ್ ಸುಲಿದರೆ ಒಳಗೆ ಹಸಿರು ಕಿಲುಬು.

ಪರೀಕ್ಷೆ ಕಷ್ಟವೇನಲ್ಲ. ಎಂಜಿನ್ ಚಾಲೂ ಇಟ್ಟು, ಲೈಟ್ ಉರಿಯುತ್ತಿರುವಾಗಲೇ ಮೀಟರ್ ಹಿಡಿಯಬೇಕು. 24 ವೋಲ್ಟ್‌ನ ಲಾರಿಯಲ್ಲಿ ಬ್ಯಾಟರಿಯ ಹತ್ತಿರ 28 ತೋರಿಸಿ ಬಲ್ಬಿನ ಹತ್ತಿರ 25 ತೋರಿಸಿದರೆ ಮೂರು ವೋಲ್ಟ್ ದಾರಿಯಲ್ಲೇ ಕಳವಾಗಿದೆ. ಮೂರೇ ತಾನೇ ಅನ್ನಬೇಡಿ, ಬೆಳಕು ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ಆಮೇಲೆ ಮೀಟರಿನ ಒಂದು ತುದಿ ಬಲ್ಬಿನ ಅರ್ತ್ ಪಿನ್ನಿಗೆ, ಇನ್ನೊಂದು ಬ್ಯಾಟರಿಯ ಮೈನಸ್‌ಗೆ. ಸೊನ್ನೆಯ ಹತ್ತಿರ ಇರಬೇಕು. ಒಂದೆರಡು ವೋಲ್ಟ್ ಬಂದರೆ ಕಳ್ಳ ಅರ್ತ್‌ನಲ್ಲೇ ಇದ್ದಾನೆ. ಬರೀ ಟೆಸ್ಟ್ ಲ್ಯಾಂಪ್ ನಂಬಬಾರದು, ಅದಕ್ಕೆ ಬೇಕಾದ ಚೂರು ಕರೆಂಟನ್ನು ಸವೆದ ವೈರೂ ಕೊಡುತ್ತದೆ.

ಮಿಸ್ತ್ರಿ ಮೊದಲು ಬ್ಯಾಟರಿ ಕಳಚಿದರು. ಚಾಸಿಯ ಒಂದು ಜಾಗದಲ್ಲಿ ಬಣ್ಣ, ತುಕ್ಕು ಎಲ್ಲ ಉಜ್ಜಿ ಕಬ್ಬಿಣ ಹೊಳೆಯುವಂತೆ ಮಾಡಿ, ಎರಡೂ ದೀಪಗಳಿಂದ ಹೊಸ ಅರ್ತ್ ವೈರ್ ಎಳೆದು, ಬೋಲ್ಟ್ ಬಿಗಿದು ಗ್ರೀಸ್ ಹಚ್ಚಿದರು. ಕರಗಿದ ಹೋಲ್ಡರ್ ಬದಲಾಯಿತು. ಎರಡು 75 ವ್ಯಾಟ್ ಬಲ್ಬಿನ ಆರು ಆಂಪಿಯರ್ ಹೊರೆ ಹಳೇ ಸ್ವಿಚ್ಚಿನ ಮೇಲೆಯೇ ಬೀಳುತ್ತಿತ್ತು. ಡಿಪ್‌ಗೊಂದು, ಬ್ರೈಟ್‌ಗೊಂದು ರಿಲೇ ಕೂರಿಸಿದ ಮೇಲೆ ಸ್ವಿಚ್ಚಿನ ಕೆಲಸ ರಿಲೇ ಎಬ್ಬಿಸುವುದಷ್ಟೇ. ರಿಲೇ 24 ವೋಲ್ಟ್‌ನದ್ದೇ ಆಗಬೇಕು, 12ರದ್ದು ಹಾಕಿದರೆ ಸುಟ್ಟುಹೋಗುತ್ತದೆ.

ಫ್ಯೂಸ್ ಬಾಕ್ಸ್ ತೆರೆದಾಗ ನನಗೇ ನಾಚಿಕೆಯಾಯಿತು. ಫ್ಯೂಸಿನ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ! ವೈರ್ ಶಾರ್ಟ್ ಆದರೆ ಫ್ಯೂಸ್ ಹೋಗಬೇಕು, ಕಾಗದ ಇದ್ದರೆ ಹೋಗುವುದು ಕ್ಯಾಬಿನ್ ಮತ್ತು ಒಳಗೆ ಮಲಗಿದ ಕ್ಲೀನರ್. ಬೆಳಕು ಸಾಲದೆಂದು ದೊಡ್ಡ ವ್ಯಾಟ್ ಬಲ್ಬ್ ಹಾಕುವವರೂ ಇದ್ದಾರೆ. ಸವೆದ ವೈರಿಗೆ ಅದು ಇನ್ನಷ್ಟು ಬಿಸಿ, ಅಷ್ಟೇ.

ಮಹಾಲಿಂಗಪುರದಲ್ಲಿ ಬೆಲ್ಲ ತುಂಬಿದ ಮೇಲೆ ಬಾವ ಲಾರಿಯನ್ನು ಗೋಡೆಗೆ ಎದುರಾಗಿ ನಿಲ್ಲಿಸಿ ಬೆಳಕಿನ ಎತ್ತರ ಮತ್ತೆ ನೋಡಿದರು. ಲೋಡ್ ಬಿದ್ದಾಗ ಹಿಂಭಾಗ ಕುಗ್ಗಿ ಬೆಳಕು ಮೇಲೇಳುತ್ತದಂತೆ. ಸ್ಕ್ರೂ ತಿರುಗಿಸಿ ಇಳಿಸಿದರು. ಅಂದು ರಾತ್ರಿ ಲೋಕಾಪುರದ ದಾರಿಯಲ್ಲಿ, ಮುಂದೆ ಹೋಗುತ್ತಿದ್ದ ಟ್ರೇಲರಿನ ಕಬ್ಬಿನ ಗರಿಗಳು ದೂರದಿಂದಲೇ ಕಾಣುತ್ತಿದ್ದವು.