ಸ್ಕ್ಯಾನಿನಲ್ಲಿ ಕಾಣದ ತಲೆನೋವು

ತಲೆನೋವನ್ನು ರೋಗವೆಂದು ಎಣಿಸದಿರುವುದು ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿರುವ ಅಭ್ಯಾಸ. ಜ್ವರ ಬಂದರೆ ಮೈ ಮುಟ್ಟಿ ನೋಡಿ ಮರುಗುವವರು, ಕಾಲು ಉಳುಕಿದರೆ ಹೊತ್ತುಕೊಂಡು ಆಸ್ಪತ್ರೆಗೆ ಓಡುವವರು, ತಿಂಗಳಲ್ಲಿ ಹಲವು ದಿನ ಕತ್ತಲೆಯ ಕೋಣೆಯಲ್ಲಿ ಹಣೆಗೆ ಬಟ್ಟೆ ಬಿಗಿದು ಮಲಗುವ ಮಗಳನ್ನೋ ಸೊಸೆಯನ್ನೋ ಕಂಡಾಗ ಮಾತ್ರ, "ತಲೆನೋವು ಯಾರಿಗೆ ತಾನೆ ಬರುವುದಿಲ್ಲ?" ಎಂದು ಮಾತು ಮುಗಿಸಿಬಿಡುತ್ತಾರೆ. ಬಹು ಮಂದಿಗೆ ಬರುವುದೇನೋ ನಿಜ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ನಗರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ, 18ರಿಂದ 65ರ ವಯಸ್ಸಿನ 2329 ಜನರನ್ನು ವಿಚಾರಿಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ನೂರಕ್ಕೆ ಸುಮಾರು 64 ಮಂದಿಗೆ ಹಿಂದಿನ ಒಂದು ವರ್ಷದೊಳಗೆ ತಲೆನೋವು ಬಂದಿದ್ದಿತು. ಮೈಗ್ರೇನ್ ಎಂಬ ಅರೆತಲೆನೋವೇ ನೂರಕ್ಕೆ ಸುಮಾರು 25 ಮಂದಿಯನ್ನು ಕಾಡಿದ್ದಿತು.

ಆದರೆ ಸರ್ವಸಾಮಾನ್ಯವಾದುದೆಲ್ಲ ಅಲ್ಪವಾದುದೆಂದು ಭಾವಿಸುವುದೇ ಇಲ್ಲಿಯ ಮೊದಲನೆಯ ತಪ್ಪು. ಅಂತರರಾಷ್ಟ್ರೀಯ ತಲೆನೋವು ಸಂಘವು 1988ರಲ್ಲಿ ಮೊದಲು ಹೊರತಂದು, 2018ರಲ್ಲಿ ಮೂರನೆಯ ಆವೃತ್ತಿಯಾಗಿ ಪರಿಷ್ಕರಿಸಿದ ವರ್ಗೀಕರಣದಲ್ಲಿ ತಲೆನೋವಿನ ಬಗೆಗಳು ಇನ್ನೂರಕ್ಕೂ ಮಿಕ್ಕಿವೆ. ಅವುಗಳಲ್ಲಿ ಕೆಲವು ತಾವೇ ರೋಗ. ಮಿಕ್ಕವು ದೇಹದಲ್ಲಿ ಬೇರೆಲ್ಲೋ ನೆಲೆಸಿರುವ ರೋಗದ ಸೂಚನೆ. ಇವೆರಡನ್ನು ಬೇರ್ಪಡಿಸುವುದೇ ರೋಗನಿದಾನದ ಮೊದಲ ಕಾರ್ಯ. ಆ ಕಾರ್ಯಕ್ಕೆ ನಮ್ಮ ಜನಪ್ರಿಯ ನಂಬಿಕೆಗಳು ಒಡ್ಡುವ ಅಡ್ಡಿ ಸಣ್ಣದಲ್ಲ.

ಕನ್ನಡನಾಡಿನಲ್ಲಿ ಅತ್ಯಂತ ಪ್ರಚಾರದಲ್ಲಿರುವ ನಂಬಿಕೆ ಪಿತ್ತದ್ದು. ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ, ಹಳದಿಯ ಕಹಿನೀರು ವಾಂತಿಯಾಗುತ್ತದೆ, ಅನಂತರ ನಿದ್ದೆ ಹತ್ತಿ ನೋವು ಇಳಿಯುತ್ತದೆ; ಇಷ್ಟನ್ನು ಕಣ್ಣಾರೆ ಕಂಡವರು, ಪಿತ್ತ ಏರಿದ್ದಿತು, ಹೊರಬಿದ್ದಿತು, ಅದರೊಡನೆ ನೋವೂ ಹೋಯಿತು ಎಂದು ನಿರ್ಣಯಿಸುವುದು ಸಹಜವೇ ಸರಿ. ಇಲ್ಲಿ ಅವರು ಕಂಡದ್ದು ಸುಳ್ಳಲ್ಲ, ಕಾರ್ಯಕಾರಣಗಳ ಕ್ರಮ ಮಾತ್ರ ತಲೆಕೆಳಗಾಗಿದೆ. ಮೈಗ್ರೇನ್ ಮಿದುಳಿನಲ್ಲಿ ಹುಟ್ಟಿ ಜಠರದ ಚಲನೆಯನ್ನು ಮಂದಗೊಳಿಸುತ್ತದೆ. ವಾಕರಿಕೆಯೂ ವಾಂತಿಯೂ ಆ ರೋಗದ ಅಂಗಗಳೇ ಹೊರತು ಅದರ ಮೂಲವಲ್ಲ. ನೋವು ಪೂರ್ಣವಾಗಿ ಏರಿದ ಮೇಲೆ ನುಂಗಿದ ಮಾತ್ರೆ ಅನೇಕರಿಗೆ ನಾಟದಿರುವುದಕ್ಕೂ, ನಿಶ್ಚಲವಾದ ಹೊಟ್ಟೆಯಲ್ಲಿ ಅದು ಹಾಗೆಯೇ ಉಳಿಯುವುದು ಒಂದು ಕಾರಣ. ಇದನ್ನರಿಯದೆ ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆಯನ್ನೋ ಪಿತ್ತಶಮನದ ಕಷಾಯವನ್ನೋ ಸೇವಿಸುತ್ತ, ನಾಲ್ಕು ಗಂಟೆಯಿಂದ ಮೂರು ದಿನಗಳವರೆಗೆ ಪೀಡಿಸುವ ಈ ವ್ಯಾಧಿಗೆ ನಿಜವಾದ ಔಷಧವಿದೆಯೆಂಬುದನ್ನೇ ತಿಳಿಯದೆ ಬಾಳುವವರು ನಮ್ಮ ಊರುಗಳಲ್ಲಿ ಅಸಂಖ್ಯರು.

ಸೈನಸ್ಸಿನ ಮಾತೂ ಇಂಥದೇ. ತಮಗಿರುವುದು ಸೈನಸ್ ತಲೆನೋವೆಂದು ನಂಬಿದ್ದ ಸುಮಾರು ಮೂರು ಸಾವಿರ ಜನರನ್ನು ಅಮೆರಿಕದ ವೈದ್ಯರು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ 88 ಮಂದಿಯ ಲಕ್ಷಣಗಳು ಮೈಗ್ರೇನಿನ ಬಗೆಗೆ ಸೇರಿದ್ದುವು. ಕಣ್ಣಿನ ನಂಬರು ಹೆಚ್ಚಾದುದರಿಂದ ವಾಂತಿ ಬರುವಷ್ಟು ತಲೆನೋವು ಬರುವುದು ಅಪರೂಪ. ರಕ್ತದೊತ್ತಡವೂ ವಿಪರೀತವಾಗಿ ಏರಿದಾಗಲ್ಲದೆ ಸಾಮಾನ್ಯವಾಗಿ ತಲೆನೋವನ್ನು ತರುವುದಿಲ್ಲ. ಆದುದರಿಂದಲೇ, ತಲೆ ನೋಯದಿದ್ದರೆ ಬಿ.ಪಿ. ಇಲ್ಲವೆಂದು ಮಾತ್ರೆ ನಿಲ್ಲಿಸುವವರು ಇಮ್ಮಡಿ ಅಪಾಯಕ್ಕೆ ಗುರಿಯಾಗುತ್ತಾರೆ.

ಇನ್ನು ವಿದ್ಯಾವಂತರ ನಂಬಿಕೆಗೆ ಬರೋಣ. "ಎಂ.ಆರ್.ಐ. ಮಾಡಿಸಿದೆವು, ಎಲ್ಲ ನಾರ್ಮಲ್ ಎಂದು ಬಂದಿತು, ಆದ್ದರಿಂದ ರೋಗವೇನೂ ಇಲ್ಲ" ಎಂಬ ವಾಕ್ಯ ಎಷ್ಟೋ ಮನೆಗಳಲ್ಲಿ ರೋಗಿಯ ಬಾಯಿ ಮುಚ್ಚಿಸುವ ತೀರ್ಪಾಗಿಬಿಟ್ಟಿದೆ. ಸ್ಕ್ಯಾನ್ ತೋರಿಸುವುದು ಮಿದುಳಿನ ಆಕೃತಿಯನ್ನು. ಮೈಗ್ರೇನಿನಲ್ಲಿ ಕೆಡುವುದು ಅದರ ವ್ಯಾಪಾರ. ವೀಣೆಯ ಛಾಯಾಚಿತ್ರವನ್ನು ಎಷ್ಟು ಸೂಕ್ಷ್ಮವಾಗಿ ಪರಿಶೀಲಿಸಿದರೂ ಅದರ ಶ್ರುತಿ ತಪ್ಪಿರುವುದು ಕಾಣುವುದುಂಟೆ? 1990ರಲ್ಲಿ ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್‌ಸನ್ ಎಂಬ ವಿಜ್ಞಾನಿಗಳು, ಮೈಗ್ರೇನ್ ಬಂದಿರುವ ಹೊತ್ತಿನಲ್ಲೇ ರೋಗಿಗಳ ಕುತ್ತಿಗೆಯ ಅಭಿಧಮನಿಯಿಂದ ರಕ್ತ ತೆಗೆದು, ನರತಂತುಗಳಿಂದ ಒಸರುವ ಸಿ.ಜಿ.ಆರ್.ಪಿ. ಎಂಬ ವಸ್ತು ಅದರಲ್ಲಿ ಹೆಚ್ಚಿರುವುದನ್ನು ತೋರಿಸಿಕೊಟ್ಟರು. ಆ ವಸ್ತುವನ್ನು ತಡೆಯುವ ಔಷಧಗಳು ಇಂದು ಬಳಕೆಯಲ್ಲಿವೆ. ಚಿತ್ರದಲ್ಲಿ ಮೂಡದ ನೋವಿಗೂ ದೇಹದಲ್ಲಿ ಗುರುತುಂಟೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಸ್ಕ್ಯಾನಿನಲ್ಲಿಯೂ ಎಲ್ಲ ಸ್ಕ್ಯಾನುಗಳೂ ಒಂದೇ ಎಂದು ತಿಳಿಯಲಾಗದು. ಬಾಣಂತಿಯೊಬ್ಬಳಿಗೆ ಹೆರಿಗೆಯಾದ ಕೆಲವು ದಿನಗಳಲ್ಲಿ ತೀವ್ರವಾದ ತಲೆನೋವು, ವಾಂತಿ, ಮೂರ್ಛೆ ಕಾಣಿಸಿಕೊಂಡರೆ ಅದನ್ನು ಸನ್ನಿಯೆಂದು ಕರೆದು, ಶೀತವಾಯಿತೆಂದು ಕುಡಿಯುವ ನೀರನ್ನೂ ತಡೆಯುವ ರೂಢಿ ನಮ್ಮಲ್ಲಿದ್ದಿತು, ಈಗಲೂ ಪೂರ್ಣವಾಗಿ ಅಳಿದಿಲ್ಲ. ಮಿದುಳಿನಿಂದ ರಕ್ತವನ್ನು ಹಿಂದಕ್ಕೊಯ್ಯುವ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟಿದಾಗ ಬರುವ ಲಕ್ಷಣಗಳು ನಿಖರವಾಗಿ ಇವೇ. ಬಾಣಂತನದಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ, ನೀರಿನ ಅಭಾವ ಅದಕ್ಕೆ ಮತ್ತಷ್ಟು ಇಂಬುಕೊಡುತ್ತದೆ. ಸಾಧಾರಣ ಸಿ.ಟಿ. ಸ್ಕ್ಯಾನಿನಲ್ಲಿ ಇದು ಕಾಣದೆಯೂ ಹೋಗಬಹುದು. ಸಿರೆಗಳನ್ನೇ ಉದ್ದೇಶಿಸಿ ಮಾಡುವ ವೀನೋಗ್ರಾಮ್ ಬೇಕು. ಸಕಾಲದಲ್ಲಿ ಗುರುತಿಸಿ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಕೊಟ್ಟರೆ ಬಹುಪಾಲು ತಾಯಂದಿರು ಚೇತರಿಸಿಕೊಳ್ಳುತ್ತಾರೆ. ಸ್ಕ್ಯಾನ್ ತಾನು ಕೇಳಲ್ಪಟ್ಟ ಪ್ರಶ್ನೆಗೆ ಮಾತ್ರ ಉತ್ತರ ಹೇಳುವುದು; ಪ್ರಶ್ನೆ ಹುಟ್ಟಬೇಕಾದುದು ರೋಗಿಯ ವೃತ್ತಾಂತದಿಂದ.

ಮಿದುಳಿನ ಚಿತ್ರ ಹೆಚ್ಚು ಕಡಮೆ ನಿರ್ದೋಷವಾಗಿದ್ದು, ತಲೆಬುರುಡೆಯೊಳಗಿನ ದ್ರವದ ಒತ್ತಡ ಮಾತ್ರ ಏರಿರುವ ಮತ್ತೊಂದು ರೋಗವುಂಟು. ಮುಖ್ಯವಾಗಿ ಮೈತೂಕ ಹೆಚ್ಚಿರುವ ಯುವತಿಯರಿಗೆ ಬರುವ ಈ ರೋಗದಲ್ಲಿ ನಿತ್ಯವೂ ತಲೆನೋವು, ಬಗ್ಗಿದಾಗ ದೃಷ್ಟಿ ಕ್ಷಣಕಾಲ ಮಬ್ಬಾಗುವುದು, ನಾಡಿಯ ಬಡಿತ ಕಿವಿಯಲ್ಲಿ ಕೇಳಿಸುವುದು ಇವು ಲಕ್ಷಣಗಳು. ಉದಾಸೀನ ಮಾಡಿದರೆ ಕಣ್ಣೇ ಹೋಗಬಹುದು. ಇದನ್ನು ಪತ್ತೆಹಚ್ಚುವ ಮೊದಲ ಉಪಕರಣ ಲಕ್ಷಾಂತರ ರೂಪಾಯಿಯ ಯಂತ್ರವಲ್ಲ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಜಗತ್ತಿಗೆ ಕೊಟ್ಟ, ಕಣ್ಣಿನ ಪಾಪೆಯ ಮೂಲಕ ಹಿಂಬದಿಯ ನರವನ್ನು ನೋಡುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಆಫ್ತಾಲ್ಮೋಸ್ಕೋಪು. ಆ ನರದ ತುದಿ ಬಾತಿದೆಯೆಂದು ಅದು ತೋರಿಸಿಕೊಟ್ಟರೆ ಅನಂತರದ ದಾರಿ ಸ್ಪಷ್ಟವಾಗುತ್ತದೆ. ತಲೆನೋವಿನ ಪ್ರತಿ ರೋಗಿಯ ಕಣ್ಣನ್ನೂ ಹೀಗೆ ನೋಡದೆ ಕಳಿಸುವುದು ವೈದ್ಯಕ್ಕೆ ಶೋಭಿಸದೆಂಬುದು ನನ್ನ ದೃಢವಾದ ಅಭಿಪ್ರಾಯ.

ಆ ದಾರಿಯಲ್ಲಿ ಮುಂದೆ ಎದುರಾಗುವುದೇ ನಮ್ಮ ಜನರ ಅತ್ಯಂತ ಪ್ರಬಲವಾದ ಭಯ: ಆ ದ್ರವದ ಒತ್ತಡವನ್ನು ಅಳೆಯಲು ಬೆನ್ನಿನಿಂದ ನೀರು ತೆಗೆದರೆ ಲಕ್ವ ಹೊಡೆಯುತ್ತದೆಂಬುದು. ಈ ಭಯದಿಂದ ಸಹಿ ಹಾಕಲು ಒಪ್ಪದೆ ರೋಗಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆದೊಯ್ಯುವ ಬಂಧುಗಳು ದುರುಳರಲ್ಲ, ಪ್ರೀತಿಯುಳ್ಳವರೇ. ಆದುದರಿಂದ ಅವರಿಗೆ ಗದರಿಕೆಯಲ್ಲ, ವಿವರಣೆ ಸಲ್ಲಬೇಕು. ಕ್ವಿಂಕ್ ಎಂಬ ಜರ್ಮನ್ ವೈದ್ಯನು 1891ರಲ್ಲಿ ಬಳಕೆಗೆ ತಂದ ಈ ಪರೀಕ್ಷೆಯಲ್ಲಿ ಸೂಜಿ ಹೋಗುವುದು ಸೊಂಟದ ಮೂರನೆಯ ಮತ್ತು ನಾಲ್ಕನೆಯ, ಇಲ್ಲವೆ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವೆ. ವಯಸ್ಕರಲ್ಲಿ ಬೆನ್ನುಹುರಿ ಅದಕ್ಕಿಂತ ಮೇಲೆ, ಮೊದಲ ಎರಡು ಮಣಿಗಳ ಬಳಿಯಲ್ಲೇ ಕೊನೆಗೊಂಡಿರುತ್ತದೆ. ಕೆಳಗಿರುವುದು ದ್ರವ ಮತ್ತು ಅದರಲ್ಲಿ ತೇಲುವ ನರದ ಎಳೆಗಳು. ಚುಚ್ಚಲು ಅಲ್ಲಿ ಬೆನ್ನುಹುರಿಯೇ ಇಲ್ಲ. ಕೆಲವರಿಗೆ ಎದ್ದು ಕುಳಿತಾಗ ಹೆಚ್ಚಾಗುವ ತಲೆನೋವು ಕೆಲವು ದಿನ ಇರುವುದುಂಟು, ಸಾಮಾನ್ಯವಾಗಿ ಅದು ಕಳೆಯುತ್ತದೆ. ಮಿದುಳಿನಲ್ಲಿ ಗಡ್ಡೆಯಿರುವ ಸಂಶಯವಿದ್ದರೆ ಅಪಾಯ ಉಂಟಾಗಬಹುದಾದ ಕಾರಣ ವೈದ್ಯರು ಮೊದಲೇ ಸ್ಕ್ಯಾನ್ ಮಾಡಿಸುತ್ತಾರೆ. ಹೀಗಿರುವಾಗ ಲಕ್ವದ ಕಥೆ ಹುಟ್ಟಿದ್ದೆಲ್ಲಿಂದ? ಕ್ಷಯದಿಂದಾಗುವ ಮಿದುಳುಪೊರೆಯ ಉರಿಯೂತದಂಥ ಘೋರ ರೋಗಗಳಲ್ಲಿ ಈ ಪರೀಕ್ಷೆ ನಡೆಯುತ್ತದೆ. ಆ ರೋಗವೇ ಕೈಕಾಲುಗಳ ಶಕ್ತಿಯನ್ನು ಕಸಿದಾಗ ಅಪವಾದವು ಸೂಜಿಯ ಮೇಲೆ ಬಂದಿತೆಂದು ತೋರುವುದು. ಆ ದ್ರವದ ಪರೀಕ್ಷೆ ತಡವಾದಷ್ಟೂ ಔಷಧ ತಡವಾಗುತ್ತದೆ. ಆ ವಿಳಂಬಕ್ಕೆ ರೋಗಿ ತೆರುವ ಬೆಲೆ ಕೆಲವೊಮ್ಮೆ ಪ್ರಾಣವೇ.

ಇನ್ನು ಕಣ್ಣೆದುರು ಮಿಂಚಿನಂಥ ಅಂಕುಡೊಂಕು ಗೆರೆಗಳು ಮೂಡಿ, ಅರ್ಧ ದೃಷ್ಟಿ ಮಾಯವಾಗಿ, ಒಂದು ಕೈ ಜೋಮು ಹಿಡಿದು, ಮಾತು ತಡವರಿಸಿ, ಆಮೇಲೆ ತಲೆನೋವು ಬರುವವರ ಸಂಗತಿ. ಇದನ್ನು ಗಾಳಿಸೋಕೆಂದು ಮಂತ್ರಿಸುವವರೂ ಉಂಟು, ಲಕ್ವವೇ ಬಂದಿತೆಂದು ಕಂಗೆಡುವವರೂ ಉಂಟು. ಖಗೋಳಜ್ಞ ಜಾರ್ಜ್ ಏರಿಯ ಮಗನಾದ ವೈದ್ಯ ಹ್ಯೂಬರ್ಟ್ ಏರಿ 1870ರಲ್ಲಿ ತನಗೇ ಕಾಣಿಸಿದ ಈ ಗೆರೆಗಳನ್ನು, ಕೋಟೆಯ ಗೋಡೆಯಂತೆ ಮೂಲೆಮೂಲೆಯಾಗಿ ಹರಡುವ ಅವುಗಳ ಬಣ್ಣಗಳೊಡನೆ, ಚಿತ್ರಿಸಿ ಪ್ರಕಟಿಸಿದನು. 1941ರಲ್ಲಿ ಲ್ಯಾಶ್ಲಿ ಎಂಬ ಮನೋವಿಜ್ಞಾನಿ ತನ್ನ ಕಣ್ಣಿನ ಮುಂದಿನ ಗೆರೆಗಳ ಚಲನೆಯನ್ನೇ ಅಳೆದು, ಮಿದುಳಿನ ಮೇಲ್ಪದರದಲ್ಲಿ ಏನೋ ಒಂದು ಅಲೆ ನಿಮಿಷಕ್ಕೆ ಸುಮಾರು ಮೂರು ಮಿಲಿಮೀಟರ್ ವೇಗದಲ್ಲಿ ಸಾಗುತ್ತಿರಬೇಕೆಂದು ಗಣಿಸಿದನು. ಮೂರು ವರ್ಷಗಳ ತರುವಾಯ ಬ್ರೆಜಿಲಿನ ಲಿಯಾವೊ ಅಂತಹುದೇ ಮಂದಗತಿಯ ಅಲೆಯನ್ನು ಮೊಲದ ಮಿದುಳಿನಲ್ಲಿ ಪ್ರತ್ಯಕ್ಷವಾಗಿ ಕಂಡನು. ಎಂತಹ ತಾಳ್ಮೆಯ ಆತ್ಮಪರೀಕ್ಷೆ! ಅವರ ಶ್ರಮದಿಂದಲೇ ಇಂದು ನಾವು ಭೇದ ತಿಳಿಯಬಲ್ಲೆವು: ಮೈಗ್ರೇನಿನ ಲಕ್ಷಣ ನಿಮಿಷನಿಮಿಷಕ್ಕೂ ಹಬ್ಬುತ್ತ, ಸಾಮಾನ್ಯವಾಗಿ ಐದು ನಿಮಿಷದಿಂದ ಒಂದು ಗಂಟೆಯವರೆಗೆ ನಿಂತು, ಮರೆಯಾಗುತ್ತದೆ, ಪಕ್ಷವಾತ ಒಮ್ಮೆಲೇ ಬಡಿಯುತ್ತದೆ. ಆದರೂ ಮೊದಲ ಬಾರಿಗೆ ಇಂಥದು ಬಂದಾಗ ಈ ನಿರ್ಣಯವನ್ನು ಮನೆಯಲ್ಲಿ ಮಾಡತಕ್ಕದ್ದಲ್ಲ. ಪಕ್ಷವಾತದ ಹೆಪ್ಪು ಕರಗಿಸುವ ಔಷಧಕ್ಕೆ ನಾಲ್ಕೂವರೆ ಗಂಟೆಯ ಗಡುವುಂಟು.

ಪರೀಕ್ಷೆಗಳೆಲ್ಲ ನಿರ್ದೋಷವಾದಾಗ "ಇದೆಲ್ಲ ಮನಸ್ಸಿನದು" ಎಂಬ ಮಾತು ಹೊರಡುತ್ತದೆ. ಸ್ತ್ರೀಯರಾದರೆ ಇನ್ನೂ ಬೇಗ. ಮಿದುಳಿನ ಆಕೃತಿಗೆ ಗಾಯವಿಲ್ಲದೆ ಕಾಲು ಸೋಲುವುದು, ನಡುಕ ಬರುವುದು ಮುಂತಾದ ಲಕ್ಷಣಗಳು ನಿಜವಾಗಿಯೂ ಉಂಟು. ಅವು ನಟನೆಯಲ್ಲ. ಮಲಗಿರುವ ರೋಗಿಯ ಸೋತ ಕಾಲು ತಾನಾಗಿ ಕೆಳಕ್ಕೆ ಒತ್ತಲಾರದಿದ್ದರೂ, ಮತ್ತೊಂದು ಕಾಲನ್ನು ಮೇಲೆತ್ತಲು ಹೇಳಿದೊಡನೆ ಆ ಕಾಲಿನ ಬಲ ಮರಳುವುದನ್ನು ಹೂವರ್ ಎಂಬ ವೈದ್ಯನು 1908ರಲ್ಲೇ ವಿವರಿಸಿದ್ದಾನೆ. ಅಂಥ ಗುರುತುಗಳಿಂದ ಈ ರೋಗವನ್ನೂ ನಿಶ್ಚಯಿಸಬಹುದು, ಚಿಕಿತ್ಸೆಯೂ ಉಂಟು. ಬೇರೇನೂ ಸಿಗಲಿಲ್ಲವೆಂದು ಹಚ್ಚುವ ಹಣೆಪಟ್ಟಿಯಲ್ಲ ಅದು.

ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಳ್ಳುವ ಮಾತ್ರೆ ನಿರಪಾಯವೆಂಬ ನಂಬಿಕೆಯನ್ನೂ ಬಿಡಬೇಕು. ಮೈಗ್ರೇನಿನಂಥ ತಲೆನೋವು ಮೊದಲೇ ಇರುವವರು ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಮಿಶ್ರಣದ ಮಾತ್ರೆಗಳನ್ನು ಅಥವಾ ಟ್ರಿಪ್ಟಾನ್ ಎಂಬ ಮೈಗ್ರೇನ್ ಔಷಧಗಳನ್ನು 10 ದಿನ, ಮೂರು ತಿಂಗಳಿಗೆ ಮೀರಿ ನುಂಗುತ್ತ ಬಂದರೆ ಆ ಮಾತ್ರೆಯೇ ನಿತ್ಯದ ತಲೆನೋವನ್ನು ಹುಟ್ಟಿಸಬಲ್ಲದು. ವೈದ್ಯರ ಮೇಲ್ವಿಚಾರಣೆಯಲ್ಲಿ ಅದನ್ನು ಬಿಡಿಸಿದ ಮೇಲೆಯೇ ಮೂಲರೋಗದ ಸ್ವರೂಪ ತಿಳಿಯುತ್ತದೆ.

ದೀರ್ಘಕಾಲದ ತಲೆನೋವಿನಿಂದ ಬಳಲುವ ಓದುಗರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ನೋವು ಬಂದ ದಿನ, ಗಂಟೆ, ತಲೆಯ ಯಾವ ಭಾಗ, ಎಷ್ಟು ಹೊತ್ತು, ಅದಕ್ಕೆ ಮುಂಚೆ ಕಂಡದ್ದೇನು, ಮಲಗಿದರೆ ಹೆಚ್ಚೋ ನಿಂತರೆ ಹೆಚ್ಚೋ, ನುಂಗಿದ ಮಾತ್ರೆ ಯಾವುದು, ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟು, ಸ್ಕ್ಯಾನಿನ ಚಿತ್ರಗಳಿಗಿಂತ ಮೊದಲು ಅದನ್ನು ವೈದ್ಯರ ಮುಂದಿರಿಸಿರಿ. ನಿಮ್ಮ ಕಣ್ಣಿನ ಹಿಂಬದಿಯ ನರವನ್ನು ನೋಡಬೇಕೆಂದು ಸಂಕೋಚವಿಲ್ಲದೆ ಕೇಳಿರಿ. ಸಿಡಿಲಿನಂತೆ ಒಂದು ನಿಮಿಷದೊಳಗೆ ತುತ್ತತುದಿಗೇರಿದ ನೋವು, ಜ್ವರದೊಡನೆ ಕತ್ತು ಬಿಗಿಯುವುದು, ಮೂರ್ಛೆ, ಒಂದು ಪಾರ್ಶ್ವದ ಬಲಹೀನತೆ, ದೃಷ್ಟಿಯ ನಷ್ಟ, ಐವತ್ತು ದಾಟಿದ ಮೇಲೆ ಹೊಸದಾಗಿ ಆರಂಭವಾದ ತಲೆನೋವು, ಬಸುರಿ ಬಾಣಂತಿಯರ ತೀವ್ರವಾದ ತಲೆನೋವು, ಇವುಗಳಲ್ಲಿ ಯಾವೊಂದಿದ್ದರೂ ಪುಸ್ತಕ ಬರೆಯುತ್ತ ಕೂಡಬೇಡಿರಿ, ನಾಳೆಗೆಂದು ಮುಂದೂಡಬೇಡಿರಿ. ಆ ಕ್ಷಣವೇ ದೊಡ್ಡ ಆಸ್ಪತ್ರೆಯ ತುರ್ತುಚಿಕಿತ್ಸೆಯ ವಿಭಾಗಕ್ಕೆ ಹೋಗಿರಿ.