ಹನ್ನೆರಡು ಮಂದಿ, ಒಂದೇ ಕೊಠಡಿ

ಚಲನಚಿತ್ರವನ್ನು ನೋಡಿ ಹೊರಬರುವ ಪ್ರೇಕ್ಷಕನ ಮನಸ್ಸಿನಲ್ಲಿ ಸಾಮಾನ್ಯವಾಗಿ ಉಳಿಯುವುದು ನಾಯಕನ ಮುಖ. ಆ ಮುಖಕ್ಕೆ ಬೆಳಕು ಕೊಟ್ಟವರು ಯಾರು, ಆ ಬಾಯಿಗೆ ಮಾತು ಕೊಟ್ಟವರು ಯಾರು ಎಂಬ ಪ್ರಶ್ನೆ ಅವನಲ್ಲಿ ಏಳುವುದು ಅಪರೂಪ. ಆದರೆ ಚಲನಚಿತ್ರ ಒಬ್ಬನ ಸೃಷ್ಟಿಯಲ್ಲ. ಹಲವರ ಬುದ್ಧಿ, ಅನುಭವ, ಶ್ರಮಗಳು ಒಂದುಗೂಡಿದಾಗ ಮಾತ್ರ ಅದು ಹುಟ್ಟುತ್ತದೆ. ಈ ಮಾತಿಗೆ 1957ರಲ್ಲಿ ತೆರೆಕಂಡ 'ಟ್ವೆಲ್ವ್ ಆಂಗ್ರಿ ಮೆನ್' ಎಂಬ ಅಮೆರಿಕನ್ ಚಿತ್ರ ಒಳ್ಳೆಯ ನಿದರ್ಶನ. 'ಹನ್ನೆರಡು ಮಂದಿ ಕುಪಿತರು' ಎಂದು ಈ ಹೆಸರಿನ ಅರ್ಥ. ಹಾಲಿವುಡ್ಡಿನ ಶ್ರೇಷ್ಠ ಚಿತ್ರಗಳ ಸಾಲಿನಲ್ಲಿ ಎಣಿಸಲಾಗುವ ಇದು ತಯಾರಾದುದು ಮಾತ್ರ ನ್ಯೂಯಾರ್ಕ್ ನಗರದಲ್ಲಿ.

ಚಿತ್ರದ ಕಥೆಯನ್ನು ತಿಳಿಯಬೇಕಾದರೆ ಜ್ಯೂರಿ ಪದ್ಧತಿಯ ಪರಿಚಯವಿರಬೇಕು. ಅಮೆರಿಕದಲ್ಲಿ ಗಂಭೀರ ಅಪರಾಧಗಳ ವಿಚಾರಣೆ ನಡೆಯುವಾಗ ಆರೋಪಿ ತಪ್ಪಿತಸ್ಥನೇ ಅಲ್ಲವೇ ಎಂಬುದನ್ನು ಸಾಮಾನ್ಯವಾಗಿ ನಾಗರಿಕರ ಒಂದು ಮಂಡಲಿ ನಿರ್ಣಯಿಸುತ್ತದೆ. ಇದೇ ಜ್ಯೂರಿ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶಕ್ಕೂ ಬಂದಿದ್ದ ಈ ಪದ್ಧತಿಗೆ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಸ್ಥಾನ ದೊರೆಯಲಿಲ್ಲ.

ಚಿತ್ರದಲ್ಲಿ ಹದಿನೆಂಟು ವರ್ಷದ ಬಡ ಹುಡುಗನೊಬ್ಬನ ಮೇಲೆ ತಂದೆಯನ್ನು ಚಾಕುವಿನಿಂದ ಇರಿದು ಕೊಂದ ಆರೋಪವಿದೆ. ಹನ್ನೆರಡು ಮಂದಿ ಒಮ್ಮತದಿಂದ 'ತಪ್ಪಿತಸ್ಥ' ಎಂದರೆ ಅವನಿಗೆ ಮರಣದಂಡನೆ ಖಂಡಿತ. ವರ್ಷದಲ್ಲೇ ಅತ್ಯಂತ ಸೆಕೆಯ ದಿನ; ಕೊಠಡಿಯ ಫ್ಯಾನು ತಿರುಗುತ್ತಿಲ್ಲ; ಎಲ್ಲರಿಗೂ ಮನೆಗೆ ಹೋಗುವ ಆತುರ. ಮೊದಲ ಸಲ ಮತ ಎಣಿಸಿದಾಗ ಹನ್ನೊಂದು ಮಂದಿ ಹುಡುಗ ತಪ್ಪಿತಸ್ಥನೆನ್ನುತ್ತಾರೆ. ಎಂಟನೆಯ ಸದಸ್ಯನೊಬ್ಬ ಮಾತ್ರ ಒಪ್ಪುವುದಿಲ್ಲ. ಹುಡುಗ ನಿರಪರಾಧಿಯೆಂದು ಅವನು ಸಾಧಿಸಹೊರಡುವುದೂ ಇಲ್ಲ. ಒಂದು ಜೀವವನ್ನು ತೆಗೆಯುವ ಮೊದಲು ಸ್ವಲ್ಪ ಹೊತ್ತು ಕುಳಿತು ಮಾತನಾಡೋಣ ಎಂಬುದಷ್ಟೇ ಅವನ ಬೇಡಿಕೆ.

ಈ ಕಥೆಯ ಕರ್ತೃ ರೆಜಿನಾಲ್ಡ್ ರೋಸ್. ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ನರಹತ್ಯೆಯ ಮೊಕದ್ದಮೆಗೆ ಆತ ತಾನೇ ಜ್ಯೂರಿ ಸದಸ್ಯನಾಗಿ ಕುಳಿತಿದ್ದ. ಮುಚ್ಚಿದ ಬಾಗಿಲಿನ ಹಿಂದೆ ಗಂಟೆಗಟ್ಟಲೆ ನಡೆದ ವಾಗ್ವಾದ ಅವನ ಮನಸ್ಸನ್ನು ಕಲಕಿತು. ಆ ಅನುಭವದಿಂದ ಅವನು ಬರೆದ ನಾಟಕ 1954ರ ಸೆಪ್ಟೆಂಬರಿನಲ್ಲಿ ಅಮೆರಿಕದ ದೂರದರ್ಶನದಲ್ಲಿ ನೇರವಾಗಿ ಪ್ರಸಾರವಾಯಿತು.

ಅದನ್ನು ಚಲನಚಿತ್ರವಾಗಿಸಲು ರೋಸನೊಡನೆ ನಿರ್ಮಾಪಕನಾಗಿ ನಿಂತವನು ಹೆಸರಾಂತ ನಟ ಹೆನ್ರಿ ಫಾಂಡಾ. ಎಂಟನೆಯ ಸದಸ್ಯನ ಪಾತ್ರವನ್ನೂ ಅವನೇ ವಹಿಸಿದ. ಅವನ ಬಾಲ್ಯದ ಒಂದು ಘಟನೆಯನ್ನು ಇಲ್ಲಿ ನೆನೆಯಬೇಕು. 1919ರಲ್ಲಿ ಅವನಿಗೆ ಹದಿನಾಲ್ಕು ವರ್ಷ. ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರದಲ್ಲಿ ಅವನ ತಂದೆಯ ಮುದ್ರಣಾಲಯವಿತ್ತು. ಒಂದು ರಾತ್ರಿ ಉದ್ರಿಕ್ತ ಜನರ ಗುಂಪು ನ್ಯಾಯಾಲಯದ ಕಟ್ಟಡಕ್ಕೆ ನುಗ್ಗಿ, ವಿಲ್ ಬ್ರೌನ್ ಎಂಬ ಕರಿಯ ಜನಾಂಗದ ಆರೋಪಿಯನ್ನು ವಿಚಾರಣೆಯಿಲ್ಲದೆಯೇ ಹೊರಗೆಳೆದು ಕೊಂದುಹಾಕಿತು. ಮುದ್ರಣಾಲಯದ ಕಿಟಕಿಯಿಂದ ಬಾಲಕ ಫಾಂಡಾ ಇದನ್ನು ಕಣ್ಣಾರೆ ಕಂಡ. ಆ ಭೀಕರ ದೃಶ್ಯವನ್ನು ಅವನು ಬಾಳಿನುದ್ದಕ್ಕೂ ಮರೆಯಲಿಲ್ಲ. ಅಂಥವನು ಪರದೆಯ ಮೇಲೆ 'ಅವಸರ ಬೇಡ' ಎಂದಾಗ ಆ ಮಾತಿಗೆ ಬೇರೆಯೇ ತೂಕವಿತ್ತೆಂದು ಭಾವಿಸಿದರೆ ತಪ್ಪಾಗಲಾರದು.

ನಿರ್ದೇಶನದ ಹೊಣೆಯನ್ನು ಫಾಂಡಾ ವಹಿಸಿದ್ದು ಸಿಡ್ನಿ ಲುಮೆಟ್ ಎಂಬ ತರುಣನಿಗೆ. ದೂರದರ್ಶನದಲ್ಲಿ ಪಳಗಿದ್ದ ಅವನಿಗೆ ಇದೇ ಮೊದಲನೆಯ ಚಲನಚಿತ್ರ. ಕೈಯಲ್ಲಿದ್ದ ಹಣ ಸುಮಾರು 3,40,000 ಡಾಲರುಗಳಷ್ಟೆ. ಅಂದಿನ ಹಾಲಿವುಡ್ಡಿನ ಲೆಕ್ಕದಲ್ಲಿ ಇದು ಅಲ್ಪ ಮೊತ್ತ. ಲುಮೆಟ್ ನಟರಿಗೆಲ್ಲ ಮೊದಲು ಎರಡು ವಾರ ತಾಲೀಮು ಮಾಡಿಸಿದ. ಹೀಗಾಗಿ ಚಿತ್ರೀಕರಣ ಸುಮಾರು ಮೂರು ವಾರಗಳಲ್ಲೇ ಮುಗಿಯಿತು. ದೀಪಗಳನ್ನು ಪದೇ ಪದೇ ಸ್ಥಳಾಂತರಿಸುವುದು ತಪ್ಪಲೆಂದು ಒಂದು ದಿಕ್ಕಿನಿಂದ ತೆಗೆಯಬೇಕಾದ ದೃಶ್ಯಗಳನ್ನೆಲ್ಲ, ಅವು ಕಥೆಯಲ್ಲಿ ಎಲ್ಲಿಯೇ ಬರಲಿ, ಒಟ್ಟಿಗೆ ತೆಗೆಯಲಾಯಿತು. ನಟನೊಬ್ಬ ಈಗ ಕೋಪದ ಮಾತನ್ನಾಡಿದರೆ ಅದಕ್ಕೆ ಇನ್ನೊಬ್ಬನು ಕೊಡುವ ಉತ್ತರ ಕೆಲವು ದಿನಗಳ ಅನಂತರ ಚಿತ್ರಿತವಾಗಬಹುದಾಗಿತ್ತು. ತಾಲೀಮಿನ ಬಲವಿಲ್ಲದಿದ್ದರೆ ಭಾವದ ಎಳೆ ಕಡಿದುಹೋಗುತ್ತಿತ್ತು.

ಛಾಯಾಗ್ರಾಹಕ ಬೋರಿಸ್ ಕಾಫ್‌ಮನ್. ಫ್ರಾನ್ಸಿನಲ್ಲಿ ಹೆಸರು ಗಳಿಸಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕಕ್ಕೆ ವಲಸೆ ಬಂದವನು. ತೊಂಬತ್ತಾರು ನಿಮಿಷಗಳ ಈ ಚಿತ್ರ ಕೆಲವೇ ನಿಮಿಷಗಳನ್ನು ಬಿಟ್ಟರೆ ಒಂದೇ ಕೊಠಡಿಯಲ್ಲಿ ನಡೆಯುತ್ತದೆ. ಆದರೂ ನೋಡುವವರಿಗೆ ಬೇಸರ ಬಾರದು. ಇದರ ರಹಸ್ಯವೇನು? ಚಿತ್ರದ ಮೊದಲ ಭಾಗದಲ್ಲಿ ಕ್ಯಾಮೆರಾ ನಟರ ಕಣ್ಣಿನ ಮಟ್ಟಕ್ಕಿಂತ ಮೇಲಿದೆ. ನಡುವಿನ ಭಾಗದಲ್ಲಿ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ. ಕೊನೆಯ ಭಾಗದಲ್ಲಿ ಅದಕ್ಕಿಂತಲೂ ಕೆಳಗಿನಿಂದ ನೋಡುತ್ತದೆ. ಆಗ ಛಾವಣಿಯೂ ಕಾಣತೊಡಗುತ್ತದೆ. ಇದರೊಡನೆ ಮಸೂರಗಳೂ ಬದಲಾಗುತ್ತವೆ. ಸಂಗಮದೂರ ಹೆಚ್ಚಿದ ಮಸೂರಗಳನ್ನು ಬಳಸಿದಂತೆ ಹಿನ್ನೆಲೆಯ ಗೋಡೆಗಳು ವ್ಯಕ್ತಿಗಳ ಬೆನ್ನಿಗೇ ಒತ್ತಿ ಬಂದಂತೆ ತೋರುತ್ತವೆ. ವಾದ ಬಿಸಿಯೇರಿದಂತೆ ಕೊಠಡಿ ಕಿರಿದಾಗುತ್ತಿದೆಯೆಂದು ನಮಗೆ ಭಾಸವಾಗುವುದು ಇದರಿಂದಲೇ. ಕಟ್ಟಕಡೆಗೆ ಎಲ್ಲರೂ ಹೊರಬಂದಾಗ ವಿಶಾಲವಾದ ನೋಟವನ್ನು ಹಿಡಿಯುವ ಮಸೂರದಿಂದ, ಎತ್ತರದಿಂದ, ಮಳೆಯಲ್ಲಿ ತೊಯ್ದ ಬಯಲು ಕಾಣುತ್ತದೆ. ನೋಡುವವನೂ ನಿಟ್ಟುಸಿರು ಬಿಡುತ್ತಾನೆ.

ಇನ್ನು ಪಾತ್ರವರ್ಗ. ವಾದ ನಡೆಯುವಷ್ಟು ಹೊತ್ತೂ ಈ ಹನ್ನೆರಡು ಮಂದಿಗೆ ಹೆಸರಿಲ್ಲ, ಸಂಖ್ಯೆಯಷ್ಟೇ ಉಂಟು. ಆದರೂ ಒಬ್ಬನಂತೆ ಇನ್ನೊಬ್ಬನಿಲ್ಲ. ಮಗನಿಂದ ದೂರವಾದ ತಂದೆಯ ನೋವನ್ನು ಕೋಪವಾಗಿ ಕಾರುವ ಮೂರನೆಯ ಸದಸ್ಯ ಲೀ ಜೆ. ಕಾಬ್. ಬೆವರನ್ನೂ ಹರಿಸದೆ ತರ್ಕವನ್ನೇ ನಂಬಿದ ನಾಲ್ಕನೆಯವನು ಇ. ಜಿ. ಮಾರ್ಷಲ್. ಕೊಳೆಗೇರಿಯಲ್ಲಿ ಬೆಳೆದು, ಚಾಕುವನ್ನು ಹೇಗೆ ಹಿಡಿಯುತ್ತಾರೆಂದು ಬಲ್ಲ ಐದನೆಯವನು ಜಾಕ್ ಕ್ಲಗ್‌ಮನ್. ಬಡವರ ಮೇಲೆ ದ್ವೇಷ ಕಾರುವ ಹತ್ತನೆಯವನು ಎಡ್ ಬೆಗ್ಲಿ. ಅವನ ಮಾತು ಮಿತಿಮೀರಿದಾಗ ಉಳಿದವರು ಒಬ್ಬೊಬ್ಬರಾಗಿ ಅವನಿಗೆ ವಿಮುಖರಾಗುವ ದೃಶ್ಯ ಮರೆಯಲಾಗದ್ದು. ಫಾಂಡಾನ ಪರವಾಗಿ ಮೊಟ್ಟಮೊದಲು ನಿಲ್ಲುವ ವೃದ್ಧನ ಪಾತ್ರ ಜೋಸೆಫ್ ಸ್ವೀನಿಯದು. ವಲಸೆ ಬಂದ ಗಡಿಯಾರ ಕೆಲಸಗಾರನಾಗಿ ನಟಿಸಿದ ಜಾರ್ಜ್ ವೊಸ್ಕೊವೆಕ್ ನಿಜ ಜೀವನದಲ್ಲಿಯೂ ವಲಸೆಗಾರನೇ. ನಾಜಿಗಳನ್ನು ಲೇವಡಿ ಮಾಡಿದ ಪ್ರಾಗ್ ನಗರದ ರಂಗಭೂಮಿಯನ್ನು ಬಿಟ್ಟು ಬಂದವನು. ಪ್ರಜಾಪ್ರಭುತ್ವದ ಬೆಲೆಯನ್ನು ಆ ಪಾತ್ರ ಸಹಸದಸ್ಯರಿಗೆ ನೆನಪಿಸುವಾಗ ನಟನ ಬಾಳೂ ಅದರ ಹಿಂದೆ ನಿಂತಿತ್ತು. ಸ್ವೀನಿ, ವೊಸ್ಕೊವೆಕ್ ಇಬ್ಬರೂ ದೂರದರ್ಶನದ ನಾಟಕದಲ್ಲಿಯೂ ಅಭಿನಯಿಸಿದ್ದವರು.

ತೆರೆಕಂಡ ಕಾಲದಲ್ಲಿ ಈ ಚಿತ್ರಕ್ಕೆ ಜನ ಮುಗಿಬೀಳಲಿಲ್ಲ. ಹಾಕಿದ ಹಣದಿಂದ ಹೇಳಿಕೊಳ್ಳುವಂಥ ಲಾಭ ಬರಲಿಲ್ಲ. ಅದೇ ವರ್ಷ ಬರ್ಲಿನ್ ಚಿತ್ರೋತ್ಸವದಲ್ಲಿ ಇದಕ್ಕೆ 'ಸುವರ್ಣ ಕರಡಿ' ಪ್ರಶಸ್ತಿ ದೊರೆಯಿತು. ಆಸ್ಕರ್ ಪ್ರಶಸ್ತಿಗೆ ಮೂರು ವಿಭಾಗಗಳಲ್ಲಿ ಹೆಸರು ಸೂಚಿತವಾದರೂ ಮೂರನ್ನೂ 'ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್' ಚಿತ್ರ ಗೆದ್ದುಕೊಂಡಿತು. ಆದರೆ ಕಾಲ ಕಳೆದಂತೆ ಇದರ ಕೀರ್ತಿ ಬೆಳೆಯಿತು. 1986ರಲ್ಲಿ ಬಾಸು ಚಟರ್ಜಿಯವರು ಇದೇ ಕಥೆಯನ್ನು 'ಏಕ್ ರುಕಾ ಹುವಾ ಫೈಸ್ಲಾ' ಎಂಬ ಹೆಸರಿನಲ್ಲಿ ಹಿಂದಿಗೆ ತಂದರು. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯಲ್ಲಿ ಮೂಲ ಚಿತ್ರಕ್ಕೆ ಸ್ಥಾನ ದೊರೆಯಿತು.

ಹುಡುಗ ನಿಜವಾಗಿ ಕೊಂದನೇ ಇಲ್ಲವೇ ಎಂಬುದನ್ನು ಚಿತ್ರ ಕೊನೆಗೂ ಹೇಳುವುದಿಲ್ಲ. ಸಂಶಯವಿರುವಾಗ ಒಂದು ಪ್ರಾಣವನ್ನು ತೆಗೆಯುವ ಅಧಿಕಾರ ಯಾರಿಗೂ ಇಲ್ಲ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಒಬ್ಬನು ಎದ್ದು ನಿಂತುದರಿಂದ ಆ ಕೊಠಡಿಯಲ್ಲಿ ವಿಚಾರ ಆರಂಭವಾಯಿತು, ನಿಜ. ಆದರೆ ಉಳಿದವರು ಕಿವಿಗೊಡದಿದ್ದರೆ, ತಾವು ಕಂಡದ್ದನ್ನು ತಾವೂ ಸೇರಿಸದಿದ್ದರೆ, ಅವನೊಬ್ಬನಿಂದ ಏನೂ ಆಗುತ್ತಿರಲಿಲ್ಲ. ಮುದುಕನ ಸೂಕ್ಷ್ಮದೃಷ್ಟಿ, ಬಡವನ ಬದುಕಿನ ಅರಿವು, ವಲಸೆಗಾರನ ವಿವೇಕ ಎಲ್ಲವೂ ಅಲ್ಲಿ ಬೇಕಾದವು. ಆ ಚಿತ್ರವನ್ನು ಮಾಡಿದವರ ಕಥೆಯೂ ಹೀಗೆಯೇ. ಬರೆದವನು, ಹಣ ತೊಡಗಿಸಿದವನು, ಕ್ಯಾಮೆರಾ ಹಿಡಿದವನು, ನಟಿಸಿದವನು—ಒಬ್ಬೊಬ್ಬನೂ ತನ್ನ ಬಾಳಿನಲ್ಲಿ ಕಲಿತದ್ದನ್ನು ಆ ಒಂದು ಮೇಜಿನ ಸುತ್ತ ತಂದಿಟ್ಟ.